ವಾರಂಟಿ ಇದ್ದರೂ ಗೇಮಿಂಗ್ ಲ್ಯಾಪ್‌ಟಾಪ್‌ಗೆ ‘ನೀರು ಬಿದ್ದಿದೆ’ ಅಂತ 41 ಸಾವಿರ ಕೇಳ್ತಿದ್ದಾರೆ. ದುಡ್ಡು ಕಟ್ಟಲಾ, ಇಲ್ಲ ಮೂರು ವರ್ಷ ವಾರಂಟಿ ಇರೋ ಬೇರೆ ಕಂಪನಿಯದು ತಗೊಳ್ಳಲಾ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಅಂತು. ನೀವು ಬರೆದಿರೋದು ಇಷ್ಟು: ಎಂಟು ತಿಂಗಳ ಲ್ಯಾಪ್‌ಟಾಪ್, ಡಿಸ್‌ಪ್ಲೇ ಬರ್ತಿಲ್ಲ, ದಾವಣಗೆರೆಯ ಕಲೆಕ್ಷನ್ ಸೆಂಟರ್ (ರಿಪೇರಿಗೆ ಇಸ್ಕೊಂಡು ಬೆಂಗಳೂರಿಗೆ ಕಳಿಸೋ ಜಾಗ), ಬೆಂಗಳೂರಿನಿಂದ ಫೋನು, ‘ಲಿಕ್ವಿಡ್ ಡ್ಯಾಮೇಜ್’. ನನಗೂ ಹೀಗೇ ಆಗಿತ್ತು. ಊರೂ ಅದೇ, ಮಾತೂ ಅದೇ. ದುಡ್ಡು ಮಾತ್ರ ಬೇರೆ. ನನ್ನ ಹತ್ತಿರ ಕೇಳಿದ್ದು 54,280 ರೂಪಾಯಿ.

2021ರ ಜುಲೈನಲ್ಲಿ 84 ಸಾವಿರ ಕೊಟ್ಟು ತಗೊಂಡಿದ್ದೆ. ಆಗ ಇಂಜಿನಿಯರಿಂಗ್ ಓದುತ್ತಿದ್ದೆ. ಅಪ್ಪ ಎಪಿಎಂಸಿಯಲ್ಲಿ ದಲಾಲಿ ಅಂಗಡಿಯೊಂದರ ಗುಮಾಸ್ತರು. ಅರ್ಧ ದುಡ್ಡು ಅವರು ಕೊಟ್ಟರು, ಉಳಿದದ್ದಕ್ಕೆ ತಿಂಗಳ ಕಂತು. ಪ್ರಾಜೆಕ್ಟ್‌ಗೆ ಗ್ರಾಫಿಕ್ಸ್ ಕಾರ್ಡ್ ಬೇಕು ಅಂತ ಮನೆಯಲ್ಲಿ ಹೇಳಿದ್ದೆ. ಬೇಕಿತ್ತು ಕೂಡ. ರಾತ್ರಿ ಗೇಮ್ ಆಡುತ್ತಿದ್ದದ್ದೂ ನಿಜ. ಗೇಮ್ ಆಡಲಿಕ್ಕೇ ಮಾಡಿದ ಮಷೀನು ಅದು, ಅದರಲ್ಲಿ ತಪ್ಪೇನಿಲ್ಲ.

2022ರ ಏಪ್ರಿಲ್, ಊರೆಲ್ಲ ಕಾದ ಹೆಂಚಿನಂತಿದ್ದ ದಿನಗಳು. ಒಂದು ರಾತ್ರಿ ಆಡುತ್ತಿರುವಾಗಲೇ ಒಳಗೆ ‘ಟಪ್’ ಅಂತು. ಸಣ್ಣ ಸದ್ದು, ಕಡಲೆ ಸಿಡಿದ ಹಾಗೆ. ಪರದೆ ಕಪ್ಪಾಯಿತು, ಫ್ಯಾನ್ ನಿಂತಿತು. ಕೀಬೋರ್ಡ್ ಹತ್ತಿರ ಮೂಗು ಇಟ್ಟರೆ ಸುಟ್ಟ ವಾಸನೆ. ವಾರಂಟಿ ಇನ್ನೂ ಮೂರು ತಿಂಗಳು ಇತ್ತು. ಹಾಗಾಗಿ ಹೆದರಲಿಲ್ಲ.

ಮರುದಿನ ಪಿ.ಬಿ. ರಸ್ತೆ ಪಕ್ಕದ ಗಲ್ಲಿಯಲ್ಲಿದ್ದ ಕಲೆಕ್ಷನ್ ಸೆಂಟರ್‌ಗೆ ಹೋದೆ. ಕೌಂಟರ್‌ನಲ್ಲಿ ನನ್ನದೇ ವಯಸ್ಸಿನ ಹುಡುಗ. ನನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ಬೈಕ್ ಬೇರೆ ಕೆಳಗೆ ಅಡ್ಡ ನಿಲ್ಲಿಸಿ ಬಂದಿದ್ದೆ. ಇಲ್ಲಿ ನಡೆದದ್ದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನು ಸೋತಿದ್ದು ಆ ಕೌಂಟರ್‌ನಲ್ಲೇ. ಆಮೇಲೆ ಬೆಂಗಳೂರಿನಲ್ಲಿ ಆಗಿದ್ದೆಲ್ಲ ಅದರ ಬಾಲ ಅಷ್ಟೆ.

ಹುಡುಗ ಜಾಬ್ ಶೀಟ್ (ರಿಪೇರಿಗೆ ತಗೊಂಡ ವಿವರದ ಫಾರಂ) ತುಂಬುತ್ತಾ, ತಲೆ ಎತ್ತದೆ ಕೇಳಿದ: “ನೀರು ಗೀರು ಬಿದ್ದಿತ್ತಾ ಬ್ರೋ?”

ನಾನು ಹೇಳಿದೆ: “ಇಲ್ಲಪ್ಪ. ನವೆಂಬರ್ ಮಳೇಲಿ ಬ್ಯಾಗ್ ಸ್ವಲ್ಪ ನೆಂದಿತ್ತು, ಅಷ್ಟೆ.”

ಹೇಳಬೇಕಾದ ಮಾತೇ ಅಲ್ಲ ಅದು. 2021ರ ನವೆಂಬರ್‌ನಲ್ಲಿ ಅಕಾಲ ಮಳೆ ಹಿಡಿದಿತ್ತಲ್ಲ, ಆಗಿನ ಮಾತು. ನೆಂದಿದ್ದು ಬ್ಯಾಗಿನ ಹೊರಗಿನ ಬಟ್ಟೆ. ಲ್ಯಾಪ್‌ಟಾಪ್ ಒಳಗೆ ಕವರ್‌ನಲ್ಲಿತ್ತು, ಒಣಗೇ ಇತ್ತು. ಆ ರಾತ್ರಿ ಅದರಲ್ಲೇ ಕೆಲಸ ಮಾಡಿದ್ದೆ. ಆಮೇಲೆ ಐದು ತಿಂಗಳು ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಪ್ರಾಮಾಣಿಕವಾಗಿ ಇರೋಣ ಅಂತ ಹೇಳಿದೆ. ಅವನು ‘ಫಿಸಿಕಲ್ ಕಂಡೀಷನ್’ ಅನ್ನೋ ಕಾಲಂನಲ್ಲಿ ಇಂಗ್ಲಿಷ್‌ನಲ್ಲಿ ಏನೋ ಗೀಚಿದ. ಶೀಟ್ ನನ್ನ ಕಡೆ ತಿರುಗಿಸಿ ಸಹಿ ಮಾಡೋ ಜಾಗದಲ್ಲಿ ಪೆನ್ನಿಟ್ಟ. ನಾನು ಸಹಿ ಹಾಕಿದೆ. ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸ್‌ಗೆ ತುರುಕಿಕೊಂಡು ಬಂದೆ.

ಅದನ್ನು ಬಿಡಿಸಿ ಓದಿದ್ದು ಹನ್ನೊಂದು ದಿನದ ನಂತರ. ಬೆಂಗಳೂರಿನಿಂದ ಫೋನ್ ಬಂದ ಮೇಲೆ. ಅದರಲ್ಲಿ ಹೀಗಿತ್ತು: ‘ಲಿಕ್ವಿಡ್ ಎಕ್ಸ್‌ಪೋಶರ್ – ಕಸ್ಟಮರ್ ಕನ್ಫರ್ಮ್ಸ್’. ಅಂದರೆ ನೀರು ತಾಗಿದೆ ಅಂತ ಗ್ರಾಹಕನೇ ಒಪ್ಪಿದ್ದಾನೆ. ಕೆಳಗೆ ನನ್ನ ಸಹಿ.

ಬಾಯಿ ಬಿಟ್ಟದ್ದು ದೊಡ್ಡ ತಪ್ಪಲ್ಲ ಅಂತ ಈಗಲೂ ನಂಬುತ್ತೇನೆ. ಬ್ಯಾಗ್ ನೆಂದಿದ್ದಕ್ಕೂ ಮದರ್‌ಬೋರ್ಡ್‌ಗೆ ನೀರು ಹೋಗಿದ್ದಕ್ಕೂ ಸಂಬಂಧವೇ ಇಲ್ಲ, ಅದನ್ನು ವಾದ ಮಾಡಬಹುದಿತ್ತು. ಓದದೆ ಸಹಿ ಹಾಕಿದ್ದೇ ತಪ್ಪು. ಓದಿದ್ದರೆ ಎರಡು ಸೆಕೆಂಡ್ ಕೆಲಸ. ಆ ಸಾಲು ಹೊಡೆದು ಹಾಕು ಅನ್ನಬಹುದಿತ್ತು. ಹುಡುಗ ಹೊಡೆದೂ ಹಾಕುತ್ತಿದ್ದ, ಅವನಿಗೇನು ನನ್ನ ಮೇಲೆ ದ್ವೇಷವೇ? ದಿನಕ್ಕೆ ನಲವತ್ತು ಶೀಟ್ ತುಂಬುವವನು, ಕೇಳಿಸಿದ್ದನ್ನು ಚಿಕ್ಕದಾಗಿ ಬರೆದ. ಆದರೆ ಕಂಪನಿಗೆ ಅವನ ಬರಹ ಬೇಕಾಗಿರಲಿಲ್ಲ, ನನ್ನ ಸಹಿ ಬೇಕಾಗಿತ್ತು. ಸಹಿ ಬಿದ್ದ ಮೇಲೆ ಬೋರ್ಡ್‌ನಲ್ಲಿ ಏನಾಗಿದೆ ಅಂತ ಯಾರೂ ನೋಡುವ ಅಗತ್ಯವೇ ಇರಲಿಲ್ಲ. ನಾಲ್ಕು ವರ್ಷವಾಯಿತು, ಆ ಪೆನ್ನು, ಆ ಶೀಟ್ ತಿರುಗಿಸಿದ ರೀತಿ ಎಲ್ಲ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಪ್ಪನಿಗೆ ಹೇಳಿದಾಗ ಅವರು ಬೈಯಲಿಲ್ಲ. ಶೀಟ್ ಇಸ್ಕೊಂಡು ಕನ್ನಡಕ ಹಾಕ್ಕೊಂಡು ಅಕ್ಷರ ಅಕ್ಷರ ಓದಿದರು. ಆಮೇಲೆ ಹೇಳಿದರು: “ಮೆಕ್ಕೆಜೋಳದ ತೇವಾಂಶ 14ಕ್ಕಿಂತ ಜಾಸ್ತಿ ಬಂದ್ರೆ ರೇಟ್ ಇಳಿಸ್ತಾರೆ. ಅದಕ್ಕೇ ರೈತ ಮೀಟರ್ ಮುಂದೆ ನಿಂತು ತಾನೇ ನಂಬರ್ ನೋಡ್ತಾನೆ. ನೀನು ಮೀಟರ್ ಇಡೋಕೆ ಮುಂಚೇನೆ ನನ್ನ ಕಾಳು ಹಸಿ ಅಂತ ಬರ್ಕೊಟ್ಟು ಬಂದಿದೀಯಲ್ಲೋ.”

ಅಷ್ಟೇ ವಿಷಯ. ಇದಕ್ಕಿಂತ ಚೆನ್ನಾಗಿ ಯಾವ ವಕೀಲರೂ ನನಗೆ ಹೇಳಿಲ್ಲ.

ನಾನು ಬೋರ್ಡಿನ ಫೋಟೋ ಕಳಿಸಿ ಅಂತ ಕೇಳಿದೆ. ಒಂದು ಮಸುಕು ಫೋಟೋ ಬಂತು. ಹಸಿರು ಕಲೆಯಂಥದ್ದೇನೋ ಕಾಣುತ್ತಿತ್ತು. ಅದು ನನ್ನದೇ ಬೋರ್ಡ್ ಅನ್ನೋದಕ್ಕೆ ಸೀರಿಯಲ್ ನಂಬರ್ ಎಲ್ಲೂ ಇಲ್ಲ. 46 ಸಾವಿರ ಬೋರ್ಡ್‌ಗೆ, ಮೇಲೆ ಶೇಕಡ 18 ಜಿಎಸ್‌ಟಿ. ಬೇಡ ಅಂದರೆ ತಪಾಸಣೆಗೆ ಅಂತ 1,180 ಕಟ್ಟಿ ವಾಪಸ್ ತಗೊಂಡು ಹೋಗಿ ಅಂದರು. ಕೋಪದಲ್ಲಿ ಕಟ್ಟಿದೆ, ವಾಪಸ್ ತಂದೆ.

ಅಶೋಕ ರಸ್ತೆ ಕಡೆ ಚಿಪ್ ಲೆವೆಲ್ ರಿಪೇರಿ ಮಾಡುವ ಅಣ್ಣ ಒಬ್ಬರಿದ್ದಾರೆ. ಅವರು ನನ್ನೆದುರೇ ಬಿಚ್ಚಿದರು. ಒಳಗೆ ಬಟನ್ ಗಾತ್ರಕ್ಕಿಂತ ಚಿಕ್ಕದೊಂದು ಬಿಳಿ ಸ್ಟಿಕ್ಕರ್ ತೋರಿಸಿದರು. ಅದಕ್ಕೆ ನೀರು ತಾಗಿದರೆ ಕೆಂಪಾಗುತ್ತೆ. ನನ್ನದು ಹಾಲಿನ ಹಾಗೆ ಬೆಳ್ಳಗಿತ್ತು. ಆಮೇಲೆ ಮೈಕ್ರೋಸ್ಕೋಪ್ ಕೆಳಗೆ ನೋಡು ಅಂದರು. ಗ್ರಾಫಿಕ್ಸ್ ಚಿಪ್‌ನ ಪಕ್ಕ ಸಾಲಾಗಿ ನಿಂತ, ಪುಟ್ಟ ಸ್ವಿಚ್‌ನಂಥ ಮಾಸ್ಫೆಟ್‌ಗಳಲ್ಲಿ ಒಂದರ ತಲೆ ಮೇಲೆ ಸೂಜಿ ಚುಚ್ಚಿದಷ್ಟು ತೂತು, ಸುತ್ತ ಕಂದು ಬಣ್ಣ. ನಾನು ಕೇಳಿದ ‘ಟಪ್’ ಅದೇ.

ಅವರು ಹೇಳಿದ್ದು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಅಡಾಪ್ಟರ್‌ನಿಂದ ಬರೋದು ಸುಮಾರು 20 ವೋಲ್ಟ್. ಗ್ರಾಫಿಕ್ಸ್ ಚಿಪ್‌ಗೆ ಬೇಕಾಗಿರೋದು ಹೆಚ್ಚು ಕಡಿಮೆ 1 ವೋಲ್ಟ್. ಇಳಿಸೋ ಕೆಲಸ ಈ ಮಾಸ್ಫೆಟ್‌ಗಳದ್ದು. ಅವುಗಳಲ್ಲಿ ಅಡಾಪ್ಟರ್ ಕಡೆಯದು ಶಾರ್ಟ್ ಆದರೆ ಆ 20 ವೋಲ್ಟೂ ನೇರ ಚಿಪ್‌ಗೆ ನುಗ್ಗುತ್ತೆ. ಅಲ್ಲಿಗೆ ಚಿಪ್ ಮುಗಿಯಿತು. “ಇದು ನೀರಿನ ಕೆಲ್ಸ ಅಲ್ಲ ತಮ್ಮ. ಆದ್ರೆ ಚಿಪ್ಪೇ ಹೋಗಿದೆ, ನಾನೇನೂ ಮಾಡೋಕಾಗಲ್ಲ” ಅಂದರು. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ.

ವಿಡಿಯೋ ಮಾಡಿಕೊಂಡಿದ್ದೆ. ಕಂಪನಿಗೆ ಕಳಿಸಿದೆ. ಉತ್ತರ ಎರಡೇ ಸಾಲು: ಹೊರಗಿನವರು ಬಿಚ್ಚಿದ್ದಾರೆ, ಮತ್ತು ನೀರು ತಾಗಿದ್ದನ್ನು ನೀವೇ ಒಪ್ಪಿದ್ದೀರಿ. ಜಾಬ್ ಶೀಟ್ ಲಗತ್ತಿಸಿದ್ದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆ. ಕೊನೆಗೆ ಕಂಪನಿಯವರು ಅರ್ಧ ದುಡ್ಡಿಗೆ ಬೋರ್ಡ್ ಹಾಕಿಕೊಡುತ್ತೇವೆ ಅಂದರು. ಪ್ರಾಜೆಕ್ಟ್ ಒಪ್ಪಿಸೋ ದಿನ ತಲೆ ಮೇಲಿತ್ತು, ಕಂತು ಬೇರೆ ನಡೀತಿತ್ತು. 27,140 ಕಟ್ಟಿದೆ. ವಾರಂಟಿ ಇರುವಾಗ, ತಪ್ಪಿಲ್ಲದೆ. ಅಪ್ಪ ಚಿಟ್‌ಫಂಡ್ ಎತ್ತಿ ಕೊಟ್ಟ ದುಡ್ಡು ಅದು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಕಟ್ಟಲಾ ಇಲ್ಲ ಬೇರೆ ಕಂಪನಿಗೆ ಹೋಗಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಪ್ರಶ್ನೆಯೇ ಸರಿ ಇಲ್ಲ ಅಂತ ನನಗನ್ನಿಸುತ್ತೆ. ಮೂರು ವರ್ಷ ವಾರಂಟಿ ಇದ್ದರೂ ‘ಗ್ರಾಹಕನಿಂದ ಆದ ಹಾನಿ’ ಅಂತ ಒಂದು ಸಾಲು ಬಿದ್ದರೆ ಮೂರು ವರ್ಷವೂ ಅಲ್ಲೇ ಮುಗಿಯಿತು. ಎಕ್ಸ್‌ಟೆಂಡೆಡ್ ವಾರಂಟಿ ದಿನ ಹೆಚ್ಚಿಸುತ್ತೆ, ನೀರು ಬಿದ್ದಿದ್ದಕ್ಕೆ ಸಾಮಾನ್ಯವಾಗಿ ಕೊಡೋದಿಲ್ಲ. ಅದಕ್ಕೆ ಆಕ್ಸಿಡೆಂಟಲ್ ಡ್ಯಾಮೇಜ್ ಪ್ಲಾನ್ ಅಂತ ಬೇರೆಯೇ ಇರುತ್ತೆ. ಇವೆರಡನ್ನೂ ಅಂಗಡಿಯವರು ಒಂದೇ ಉಸಿರಲ್ಲಿ ಹೇಳಿ ಮಾರುತ್ತಾರೆ, ಹುಷಾರು.

ನೀವು ಮೊದಲು ಮಾಡಬೇಕಾದ್ದು ನಿಮ್ಮ ಜಾಬ್ ಶೀಟ್ ತೆಗೆದು ಆ ಕಂಡೀಷನ್ ಕಾಲಂ ಓದುವುದು. ಅಲ್ಲಿ ನೀರಿನ ಮಾತು ಇಲ್ಲದಿದ್ದರೆ ನೀವು ನನಗಿಂತ ನೂರು ಪಾಲು ಗಟ್ಟಿ ಜಾಗದಲ್ಲಿದ್ದೀರಿ. ಇವತ್ತೇ ಮೇಲ್ ಬರೆಯಿರಿ. ಫೋನ್‌ನಲ್ಲಿ ಮಾತಾಡಬೇಡಿ, ಮಾತಿಗೆ ಸಾಕ್ಷಿ ಇರೋದಿಲ್ಲ. ನೀರು ಎಲ್ಲಿ ತಾಗಿದೆ, ಸ್ಟಿಕ್ಕರ್ ಯಾವ ಬಣ್ಣದಲ್ಲಿದೆ, ಬೋರ್ಡಿನ ಸೀರಿಯಲ್ ನಂಬರ್ ಕಾಣುವ ಹಾಗೆ ಫೋಟೋ, ಮತ್ತು ಆ ಕಲೆಗೂ ಈ ದೋಷಕ್ಕೂ ಏನು ಸಂಬಂಧ ಅಂತ ಬರಹದಲ್ಲಿ ವರದಿ ಕೇಳಿ. ಕೊನೆಯದನ್ನು ಬಿಡಲೇಬೇಡಿ. ಎಲ್ಲೋ ಒಂದು ಮೂಲೆಯಲ್ಲಿ ಕಲೆ ಇದ್ದ ಮಾತ್ರಕ್ಕೆ ಡಿಸ್‌ಪ್ಲೇ ಅದರಿಂದಲೇ ಹೋಯಿತು ಅಂತ ಆಗೋದಿಲ್ಲ.

ಎರಡನೆಯದು, ವಾಪಸ್ ಬಂದರೆ ಹೊರಗೆ ಬಿಚ್ಚಿಸಬೇಡಿ. ಇದನ್ನು ಹೇಳೋಕೆ ನನಗೆ ಸಂಕಟ ಆಗುತ್ತೆ, ಯಾಕೆಂದರೆ ನನಗೆ ಸತ್ಯ ಹೇಳಿದವರು ಆ ಅಣ್ಣನೊಬ್ಬರೇ. ಆದರೆ ಜಗಳ ಮುಗಿಯುವ ತನಕ ತಡೀರಿ. ಗ್ರಾಹಕರ ಆಯೋಗಕ್ಕೆ ಹೋದರೆ ಅವರು ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸಬಹುದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಅದಕ್ಕೆ ದಾರಿ ಇದೆ. ಮೊದಲೇ ಬಿಚ್ಚಿದ್ದರೆ ಕಂಪನಿಗೆ ಹೇಳಲು ಒಂದು ನೆಪ ಸಿಗುತ್ತೆ. ಸ್ಕ್ರೂ ಮೇಲಿನ ಸೀಲ್ ಸ್ಟಿಕ್ಕರ್ ಕಿತ್ತರೆ ವಾರಂಟಿ ಹೋಗುತ್ತೆ ಅನ್ನೋದೇ ಕಾನೂನಿಗೆ ವಿರುದ್ಧ ಅಂತ ಯಾರಾದರೂ ನಿಮಗೆ ಹೇಳಬಹುದು. ಅದು ಅಮೆರಿಕದ ಮಾತು. 2024ರ ಜುಲೈನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಗೇಮಿಂಗ್ ಕಂಪ್ಯೂಟರ್ ಸಾಮಾನು ಮಾಡುವ ಕಂಪನಿಗಳಿಗೂ ಆ ಸ್ಟಿಕ್ಕರ್ ಬಗ್ಗೆ ಎಚ್ಚರಿಕೆ ಪತ್ರ ಬರೆದಿತ್ತು. ನಮ್ಮೂರಿನ ಕೌಂಟರ್‌ನಲ್ಲಿ ಅದನ್ನು ಹೇಳಿ ಪ್ರಯೋಜನ ಇಲ್ಲ.

ನಮ್ಮ ಕಾನೂನಿನಲ್ಲೇ ನಮಗೆ ಬೇಕಾದ್ದು ಸಾಕಷ್ಟಿದೆ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಬೆಂಗಳೂರಲ್ಲಿದೆ ಅಂತ 260 ಕಿಲೋಮೀಟರ್ ಓಡಾಡಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಇರಲೇಬೇಕು ಅಂತಿಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ಸರ್ಕಾರದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ನನಗೆ ಆಗ ಇದೊಂದೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಆ ಸಹಿ ಇಟ್ಟುಕೊಂಡು ಎಷ್ಟು ದೂರ ಹೋಗುತ್ತಿದ್ದೆನೋ.

ಹೋದ ವರ್ಷ ಚಿತ್ರದುರ್ಗದಲ್ಲಿರುವ ನನ್ನ ಚಿಕ್ಕಪ್ಪನ ಮಗಳ ಲ್ಯಾಪ್‌ಟಾಪ್‌ನ ಹಿಂಜ್ (ಪರದೆ ಮಡಚುವ ಕೀಲು) ಕಿತ್ತು ಬಂತು. ಬೀಳಿಸಿರಲಿಲ್ಲ. ಒಳಗಿನ ಪ್ಲಾಸ್ಟಿಕ್ ಸ್ಕ್ರೂ ಹಿಡಿಯುವ ಜಾಗದಲ್ಲಿ ಸೀಳಿತ್ತು. ನಾನು ಜೊತೆಗೆ ಹೋದೆ. ಕೊಡುವ ಮೊದಲು ಕೌಂಟರ್ ಮೇಲೇ ನಾಲ್ಕೂ ಮೂಲೆ ವಿಡಿಯೋ ಮಾಡಿದೆವು. ಶೀಟ್‌ನಲ್ಲಿ ‘ಡ್ರಾಪ್’ ಅಂತ ಬರೆದಿದ್ದರು. ಅವಳು ಸಂಕೋಚದಿಂದ ನನ್ನ ಮುಖ ನೋಡಿದಳು. ನಾನು “ಪುಟ್ಟಿ, ಹೊಡೆದು ಹಾಕು” ಅಂದೆ. ಅವಳು ಆ ಪದ ಹೊಡೆದು, ಪಕ್ಕದಲ್ಲಿ ಕನ್ನಡದಲ್ಲೇ ‘ಬಿದ್ದಿಲ್ಲ, ಹೊರಗೆ ಪೆಟ್ಟಿನ ಗುರುತು ಇಲ್ಲ’ ಅಂತ ಬರೆದು ಸಹಿ ಹಾಕಿದಳು. ಇಂಗ್ಲಿಷ್‌ನಲ್ಲೇ ಬರೆಯಬೇಕು ಅಂತ ಎಲ್ಲೂ ಇಲ್ಲ. ವಾರ ಬಿಟ್ಟು ‘ಬಿದ್ದು ಆದ ಹಾನಿ’ ಅಂತ ಫೋನ್ ಬಂದಾಗ ಆ ಶೀಟ್‌ನ ಫೋಟೋ ಮೇಲ್ ಮಾಡಿದೆವು. ಎಂಟು ದಿನಕ್ಕೆ ಹಿಂಜ್, ಮೇಲಿನ ಕವರ್ ಎರಡೂ ಪುಕ್ಕಟೆ ಬದಲಾಗಿ ಬಂತು.

ನಿಮ್ಮ ಕಾಲಂನಲ್ಲಿ ಏನು ಬರೆದಿದ್ದಾರೆ ಅಂತ ಕೆಳಗೆ ಕಾಮೆಂಟ್‌ನಲ್ಲಿ ಹಾಕಿ. ನಿಮ್ಮ ಹೆಸರು, ಫೋನ್ ನಂಬರ್ ಮುಚ್ಚಿ. ಮೇಲ್ ಬರೆಯೋಕೆ ನಾನು ಸಹಾಯ ಮಾಡುತ್ತೇನೆ. ಅಲ್ಲಿವರೆಗೆ 41 ಸಾವಿರದಲ್ಲಿ ಒಂದು ರೂಪಾಯಿ ಕೂಡ ಕಟ್ಟಬೇಡಿ.