ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ: ಮನೆಯ ಸೌಂಡ್ ಸಿಸ್ಟಮ್ ಮತ್ತು ಕಿವಿಯ ಆರೋಗ್ಯ ಕುರಿತ ಪ್ರಶ್ನೆಗಳು

ಬೇಸಿಗೆ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಮನೆಯೊಳಗಿನ ಸದ್ದನ್ನು ಕುರಿತವೇ ಹೆಚ್ಚು. ಅವುಗಳಲ್ಲಿ ಐದಕ್ಕೆ ಕಲಬುರಗಿಯಲ್ಲಿ ಶ್ರವಣ ಪರೀಕ್ಷೆ ನಡೆಸುವ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಕಲಬುರಗಿಯ ಜೇವರ್ಗಿ ರಸ್ತೆಯ ಕಡೆ ಹೊಸ ಮನೆ ಕಟ್ಟಿಸಿ, ಹಾಲ್‌ಗೆ ಪಾಲಿಶ್ ಮಾಡಿದ ಶಹಾಬಾದ್ ಬಂಡೆ ಹಾಸಿದ್ದೇವೆ. 5.1 ಹೋಮ್ ಥಿಯೇಟರ್ ತಂದು ಆರು ತಿಂಗಳಾಯಿತು. ಹಾಡು, ಹೊಡೆದಾಟದ ಸದ್ದು ಗೋಡೆ ನಡುಗುವಂತೆ ಬರುತ್ತದೆ, ಆದರೆ ಸಂಭಾಷಣೆ ಮಾತ್ರ ಸ್ಪಷ್ಟವಾಗುವುದಿಲ್ಲ. ಕೂಲರ್ ಹಾಕಿದರಂತೂ ವಾಲ್ಯೂಮನ್ನು ಮುಕ್ಕಾಲು ಪಾಲು ಏರಿಸಲೇಬೇಕು. ಸಿನಿಮಾ ಮುಗಿದ ಮೇಲೆ ಒಂದೆರಡು ಗಂಟೆ ಕಿವಿ ಕಟ್ಟಿದಂತಿರುತ್ತದೆ. ಇನ್ನೂ ಹೆಚ್ಚು ವ್ಯಾಟ್‌ನ ಸೆಟ್ ಕೊಂಡರೆ ಸರಿಹೋದೀತೇ?

ಉತ್ತರ: ದಯವಿಟ್ಟು ಕೊಳ್ಳಬೇಡಿ. ನನ್ನಲ್ಲಿಗೆ ಬರುವ ಹಿರಿಯರು ಹೆಚ್ಚಾಗಿ ಹೇಳುವ ಮಾತೊಂದಿದೆ: "ಕೇಳ್ತದ್ರಿ, ಆದ್ರ ತಿಳಿಯಂಗಿಲ್ರಿ." ಅವರ ವಿಷಯದಲ್ಲಿ ದೋಷ ಇರುವುದು ಕಿವಿಯಲ್ಲಿ. ನಿಮ್ಮ ವಿಷಯದಲ್ಲಿ ದೋಷ ಇರುವುದು ಹಾಲ್‌ನಲ್ಲಿ. ಅದನ್ನು ಹಾಗೆಯೇ ಬಿಟ್ಟು ವಾಲ್ಯೂಮ್ ಏರಿಸುತ್ತ ಹೋದರೆ, ಕೆಲವು ವರ್ಷಗಳಲ್ಲಿ ನೀವೂ ಅದೇ ದೂರು ಹಿಡಿದುಕೊಂಡು ಬರಬೇಕಾದೀತು.

ಮಾತಿನ ಅರ್ಥವನ್ನು ಹೊತ್ತು ತರುವವು ಮುಖ್ಯವಾಗಿ ವ್ಯಂಜನಗಳು. ಸ, ಶ, ತ, ಕ ಮೊದಲಾದ ಧ್ವನಿಗಳ ಗುರುತು ಹೆಚ್ಚಾಗಿ 2000 ಹರ್ಟ್ಸ್‌ಗಿಂತ ಮೇಲಿನ ಆವರ್ತನಗಳಲ್ಲಿರುತ್ತದೆ, ಮತ್ತು ಅವು ಸ್ವರಗಳಿಗಿಂತ ಬಹಳ ಕ್ಷೀಣ. ಪಾಲಿಶ್ ಆದ ಬಂಡೆ, ಗಿಲಾವು ಮಾಡಿದ ಗೋಡೆ, ಆರ್‌ಸಿಸಿ ಛಾವಣಿ ಇವೆಲ್ಲವೂ ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಕೆಲವೇ ಪಾಲನ್ನು ಹೀರಿ, ಉಳಿದದ್ದನ್ನು ಕೋಣೆಗೇ ಮರಳಿಸುತ್ತವೆ. ಹಾಗಾಗಿ ಹಿಂದಿನ ಅಕ್ಷರದ ಸ್ವರ ಇನ್ನೂ ಕೋಣೆಯಲ್ಲಿ ಮೊಳಗುತ್ತಿರುವಾಗಲೇ ಮುಂದಿನ ಅಕ್ಷರದ ವ್ಯಂಜನ ಬಂದು ಅದರಡಿ ಮುಚ್ಚಿಹೋಗುತ್ತದೆ. ವಾಲ್ಯೂಮ್ ಏರಿಸಿದರೆ ಮೊಳಗೂ ಅಷ್ಟೇ ಏರುವುದರಿಂದ ಸ್ಪಷ್ಟತೆ ಒಂದಿಷ್ಟೂ ಹೆಚ್ಚುವುದಿಲ್ಲ. ಖಾಲಿ ಹಾಲ್‌ನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಚಪ್ಪಾಳೆಯ ಬೆನ್ನಿಗೇ "ಝಿಣ್" ಎಂಬ ಬಾಲವೊಂದು ಕೇಳಿಸಿದರೆ ನಾನು ಹೇಳುತ್ತಿರುವುದು ಏನೆಂದು ಗೊತ್ತಾಗುತ್ತದೆ.

ಇದಕ್ಕೆ ಔಷಧ ಮನೆಯಲ್ಲೇ ಇದೆ. ಸ್ಪೀಕರ್ ಮತ್ತು ಸೋಫಾದ ನಡುವಿನ ನೆಲಕ್ಕೆ ಜಮಖಾನೆ ಹಾಸಿ, ಕಿಟಕಿಗಳಿಗೆ ನೆರಿಗೆ ಇಟ್ಟ ದಪ್ಪ ಪರದೆ ಹಾಕಿ, ಕೂಡುವ ಜಾಗದ ಹಿಂದಿನ ಗೋಡೆಗೆ ಅಜ್ಜಿ ಹೊಲಿದ ಕೌದಿಯೊಂದನ್ನು ತೂಗುಬಿಡಿ. ಕೌದಿ ಗೋಡೆಗೆ ಅಂಟಿಕೊಳ್ಳದೆ ನಾಲ್ಕು ಬೆರಳು ಮುಂದಕ್ಕೆ ನಿಂತರೆ ಇನ್ನೂ ಚೆನ್ನಾಗಿ ಸದ್ದು ಹೀರುತ್ತದೆ. ಅಂಗಡಿಯಲ್ಲಿ ಸಿಗುವ ತೆಳ್ಳನೆಯ ಫೋಮ್ ಹಾಳೆಗಳಿಗೆ ಹಣ ಹಾಕುವ ಬದಲು ನಾನಂತೂ ಹಳೆಯ ಕೌದಿಯನ್ನೇ ಆರಿಸುತ್ತೇನೆ. ಸಬ್‌ವೂಫರ್ (ಗುಡುಗಿನಂಥ ತಗ್ಗಿನ ಸದ್ದು, ಅಂದರೆ ಬಾಸ್, ಹೊರಡಿಸುವ ಸ್ಪೀಕರ್) ಮೂಲೆಯಲ್ಲಿದ್ದರೆ ಅದನ್ನು ಈಚೆಗೆ ಎಳೆಯಿರಿ, ಏಕೆಂದರೆ ಮೂಲೆ ಬಾಸ್ ಅನ್ನು ಉಬ್ಬಿಸುತ್ತದೆ ಮತ್ತು ಉಬ್ಬಿದ ಬಾಸ್ ಮಾತನ್ನು ನುಂಗುತ್ತದೆ. 5.1 ವ್ಯವಸ್ಥೆಯಲ್ಲಿ ಸಂಭಾಷಣೆ ಬಹುಪಾಲು ನಡುವಿನ ಸ್ಪೀಕರ್‌ನಿಂದ ಬರುವುದರಿಂದ, ಒಟ್ಟು ವಾಲ್ಯೂಮನ್ನು ಇಳಿಸಿ, ಸೆಟ್ಟಿಂಗ್ಸ್‌ನಲ್ಲಿ ಸೆಂಟರ್ ಚಾನಲ್ ಒಂದನ್ನೇ ಮೂರು ಡೆಸಿಬೆಲ್‌ನಷ್ಟು ಏರಿಸಿ ನೋಡಿ. ನೈಟ್ ಮೋಡ್ ಇದ್ದರೆ ಅದನ್ನೂ ಬಳಸಬಹುದು. ಅದು ಪಿಸುಮಾತಿಗೂ ಸ್ಫೋಟಕ್ಕೂ ನಡುವಿನ ಅಂತರವನ್ನು ತಗ್ಗಿಸುತ್ತದೆ.

ಇನ್ನು ಕೂಲರ್. ಅದರ ಎದುರಿಗೇ ಕುಳಿತರೆ ಸದ್ದು 60 ಡೆಸಿಬೆಲ್ ಮುಟ್ಟುವುದು ಸಾಮಾನ್ಯ. ಮಾತು ನಿರಾಯಾಸವಾಗಿ ತಿಳಿಯಬೇಕಾದರೆ ಹಿನ್ನೆಲೆಯ ಸದ್ದಿಗಿಂತ ಸುಮಾರು 15 ಡೆಸಿಬೆಲ್ ಮೇಲಿರಬೇಕು, ಅಂದರೆ ಸಂಭಾಷಣೆಯೇ 75ಕ್ಕೆ ಬಂದು ನಿಂತಿತು. ಅದರ ಮೇಲೆ ಹೊಡೆದಾಟದ ದೃಶ್ಯ ಬಂದಾಗ 90 ದಾಟುವುದು ಕಷ್ಟವೇನಲ್ಲ. ನಮ್ಮ ಮೇ ತಿಂಗಳಿನಲ್ಲಿ ಕೂಲರ್ ಆರಿಸಿ ಎಂದರೆ ನೀವು ನಗುತ್ತೀರಿ. ಅದನ್ನು ಕಿಟಕಿಯ ಹೊರಗೆ ಸ್ಟ್ಯಾಂಡಿನ ಮೇಲೆ ಕೂರಿಸಿ, ಸಿನಿಮಾದ ಹೊತ್ತಿಗೆ ಫ್ಯಾನಿನ ವೇಗವನ್ನು ಒಂದು ಹಂತ ಇಳಿಸಿದರೆ ಸಾಕು.

ವ್ಯಾಟ್‌ನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 50 ವ್ಯಾಟ್‌ನಿಂದ 100 ವ್ಯಾಟ್‌ಗೆ ಹೋದರೆ ಹೆಚ್ಚುವುದು ಕೇವಲ 3 ಡೆಸಿಬೆಲ್. ಸದ್ದು ಇಮ್ಮಡಿಯಾಯಿತೆಂದು ಕಿವಿಗೆ ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಆದರೆ ಕಿವಿಗೆ ತುಸುವೇ ಎನಿಸುವ ಆ 3 ಡೆಸಿಬೆಲ್, ಅಪಾಯದ ಲೆಕ್ಕದಲ್ಲಿ ಇಮ್ಮಡಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 83ಕ್ಕೆ ಆ ಅವಧಿ 20 ಗಂಟೆಗೆ, 86ಕ್ಕೆ 10 ಗಂಟೆಗೆ, 89ಕ್ಕೆ 5 ಗಂಟೆಗೆ ಇಳಿಯುತ್ತದೆ. ನಿಮ್ಮ ಕಿವಿ ಕಟ್ಟುವುದು ಸದ್ದನ್ನು ಗ್ರಹಿಸುವ ಒಳಗಿವಿಯ ರೋಮಕೋಶಗಳು ದಣಿದಿರುವುದರ ಗುರುತು. ಗಾಳಿಗೆ ಬಾಗಿದ ಜೋಳದ ದಂಟು ಒಂದೆರಡು ಸಲ ಎದ್ದು ನಿಂತೀತು, ಪದೇ ಪದೇ ಬಾಗಿದರೆ ಮುರಿಯುತ್ತದೆ. ಮನುಷ್ಯನ ಒಂದೊಂದು ಕಿವಿಯಲ್ಲಿ ಇಂಥ ಕೋಶಗಳು ಸುಮಾರು 15 ಸಾವಿರ ಇವೆ, ಸತ್ತವು ಮತ್ತೆ ಹುಟ್ಟುವುದಿಲ್ಲ.

ಪ್ರಶ್ನೆ: ನಮ್ಮದು ಯಾದಗಿರಿ. ಸ್ಥಳೀಯವಾಗಿ ಜೋಡಿಸಿದ ಹಳೆಯ ಆಂಪ್ಲಿಫೈಯರ್ ಇದೆ, ಟಿವಿಗೆ ಜೋಡಿಸಿ ಬಳಸುತ್ತೇವೆ. ಸದಾ "ಗುಂಯ್" ಎನ್ನುತ್ತಿತ್ತು. ರಿಪೇರಿಯವರು ಮೂರು ಪಿನ್ನಿನ ಪ್ಲಗ್‌ನ ದಪ್ಪ ಪಿನ್ನಿಗೆ ಹೋಗುವ ಹಸಿರು ತಂತಿಯನ್ನು ಕತ್ತರಿಸಿದರು. ಗುಂಯ್ ನಿಂತಿತು. ಆದರೆ ಈಗ ಬರಿಗಾಲಲ್ಲಿ ನಿಂತು ಡಬ್ಬಿ ಮುಟ್ಟಿದರೆ ಜುಮ್ ಎನ್ನುತ್ತದೆ. ಪರವಾಗಿಲ್ಲವೇ?

ಉತ್ತರ: ಪರವಾಗಿಲ್ಲ ಎನ್ನುವ ಮಾತೇ ಇಲ್ಲ. ಇದನ್ನು ಓದಿದ ಕೂಡಲೇ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ, ಆ ತಂತಿಯನ್ನು ಮತ್ತೆ ಜೋಡಿಸುವವರೆಗೆ ಬಳಸಬೇಡಿ.

ಹಸಿರು ತಂತಿ ಅರ್ಥಿಂಗ್‌ನದು. ಆಂಪ್ಲಿಫೈಯರ್‌ನ ಒಳಗೆ ಎಲ್ಲಾದರೂ ನಿರೋಧಕ ಕೆಟ್ಟು 230 ವೋಲ್ಟ್‌ನ ತಂತಿ ಲೋಹದ ಡಬ್ಬಿಗೆ ತಗುಲಿದರೆ, ವಿದ್ಯುತ್ತು ಆ ದಾರಿಯಲ್ಲಿ ನೆಲಕ್ಕೆ ಹರಿದು ಫ್ಯೂಸ್ ಹಾರಬೇಕು ಅಥವಾ ಎಂಸಿಬಿ ಬೀಳಬೇಕು. ದಾರಿ ಕಡಿದಿರುವಾಗ ಡಬ್ಬಿ ಸುಮ್ಮನೆ 230 ವೋಲ್ಟ್ ಹೊತ್ತು ಕೂತಿರುತ್ತದೆ, ಅದನ್ನು ಮುಟ್ಟಿದವರ ಮೈಯೇ ಅರ್ಥಿಂಗ್ ಆಗುತ್ತದೆ. ಡಬ್ಬಿಯ ಜೊತೆಗೆ ಟಿವಿಗೆ ಹೋಗುವ ಕೇಬಲ್ಲಿನ ಹೊರಕವಚಕ್ಕೂ ಅದೇ ವೋಲ್ಟೇಜ್ ಬರಬಹುದು. ಈಗಿನ ಜುಮ್ ಸಣ್ಣ ಸೋರಿಕೆಯದಷ್ಟೇ ಇರಬಹುದು. ಆದರೆ ಟೆಸ್ಟರ್ ಸಣ್ಣ ಸೋರಿಕೆಗೂ ಉರಿಯುತ್ತದೆ, ಜೀವ ತೆಗೆಯುವ ದೋಷಕ್ಕೂ ಉರಿಯುತ್ತದೆ, ಆದ್ದರಿಂದ ಅದನ್ನು ಹಿಡಿದು ನೋಡಿ ಧೈರ್ಯ ತಂದುಕೊಳ್ಳುವಂತಿಲ್ಲ.

ಗುಂಯ್‌ಗೆ ಕಾರಣ ಬೇರೆಯೇ ಇರುತ್ತದೆ. ಡಿಶ್ ಅಥವಾ ಕೇಬಲ್ಲಿನ ಹೊರಕವಚ ಒಂದು ಕಡೆ ನೆಲಕ್ಕೆ ಜೋಡಣೆಯಾಗಿ, ಆಂಪ್ಲಿಫೈಯರ್ ಇನ್ನೊಂದು ಕಡೆ ಜೋಡಣೆಯಾಗಿದ್ದರೆ ಎರಡರ ನಡುವೆ ಸುತ್ತೊಂದು ಏರ್ಪಟ್ಟು, ಮನೆಯ ವಿದ್ಯುತ್ತಿನ 50 ಹರ್ಟ್ಸ್ ಮತ್ತು ಅದರ ಗುಣಕಗಳು ಸ್ಪೀಕರಿನಲ್ಲಿ ಹಾಡತೊಡಗುತ್ತವೆ. ಪತ್ತೆ ಮಾಡುವುದು ಸುಲಭ. ಅರ್ಥಿಂಗ್ ಸರಿಪಡಿಸಿದ ಮೇಲೆ, ಎಲ್ಲವನ್ನೂ ಆರಿಸಿ, ಸೆಟ್‌ಟಾಪ್ ಬಾಕ್ಸಿನ ಡಿಶ್ ಕೇಬಲ್ ಕಳಚಿ ಮತ್ತೆ ಚಾಲೂ ಮಾಡಿ. ಗುಂಯ್ ನಿಂತರೆ ಕಳ್ಳ ಅಲ್ಲೇ ಸಿಕ್ಕ. ಟಿವಿ, ಸೆಟ್‌ಟಾಪ್ ಬಾಕ್ಸ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಬೋರ್ಡಿಗೆ ಜೋಡಿಸಿ. ಆಗಲೂ ಹೋಗದಿದ್ದರೆ ಟಿವಿಗೂ ಆಂಪ್ಲಿಫೈಯರ್‌ಗೂ ನಡುವೆ ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ (ತಂತಿಗಳ ನೇರ ಸಂಪರ್ಕವಿಲ್ಲದೆ ಸದ್ದಿನ ಸಂಕೇತವನ್ನು ದಾಟಿಸುವ ಸಾಧನ) ಹಾಕಿಸಬಹುದು. ಹೊಸ ಸೆಟ್‌ಗಳಲ್ಲಾದರೆ ಆಪ್ಟಿಕಲ್ ಕೇಬಲ್ ಬಳಸಿದರೆ ಆಯಿತು, ಅದರಲ್ಲಿ ಹರಿಯುವುದು ಬೆಳಕು, ವಿದ್ಯುತ್ತಲ್ಲ.

ಅರ್ಥಿಂಗ್ ಇದೆ ಎಂದು ನಂಬುವುದಕ್ಕೂ ನಿಜವಾಗಿ ಇರುವುದಕ್ಕೂ ವ್ಯತ್ಯಾಸವಿದೆ. ಸದ್ದಿಗೆ ಶ್ರವಣ ನರ ಮತ್ತು ಮಿದುಳು ಹೇಗೆ ಸ್ಪಂದಿಸುತ್ತವೆ ಎಂದು ನೋಡುವ ಬೇರಾ ಪರೀಕ್ಷೆಯಲ್ಲಿ ನಾವು ಅಳೆಯುವ ಮಿದುಳಿನ ಸಂಕೇತ ಒಂದು ವೋಲ್ಟಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಚಿಕ್ಕದು, ಹಾಗಾಗಿ ಅರ್ಥಿಂಗ್ ಕೆಟ್ಟರೆ ನಮಗೆ ತಕ್ಷಣ ಗೊತ್ತಾಗುತ್ತದೆ. ಹಿಂದೊಮ್ಮೆ ನನ್ನ ಪರೀಕ್ಷಾ ಕೊಠಡಿಯಲ್ಲಿ ಎರಡು ದಿನ ಬರೀ ಅಲೆ ಅಲೆಯಾದ ಗೆರೆಗಳೇ ಬಂದು, ಕೊನೆಗೆ ಬೋರ್ಡ್ ಬಿಚ್ಚಿ ನೋಡಿದರೆ ಹಸಿರು ತಂತಿ ಸಾಕೆಟ್ಟಿಗೆ ಚೆನ್ನಾಗಿ ಬಿಗಿದಿತ್ತು, ಇನ್ನೊಂದು ತುದಿ ಗೋಡೆಯ ಪೈಪಿನೊಳಗೆ ಯಾವುದಕ್ಕೂ ಸೇರದೆ ನೇತಾಡುತ್ತಿತ್ತು. ನಿಮ್ಮಲ್ಲಿ ಪರವಾನಗಿ ಇರುವ ವಿದ್ಯುತ್ ಕೆಲಸಗಾರರಿಂದ ಅಳತೆ ಮಾಡಿಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ತು ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಹಾಕಿಸಿ. ಬೇಸಿಗೆಯಲ್ಲಿ ಎರೆಭೂಮಿ ಒಣಗಿ ಬಿರಿದಾಗ ಅರ್ಥಿಂಗ್ ಗುಂಡಿಯ ಮಣ್ಣೂ ಒಣಗಿ ಅದರ ರೋಧ ಏರುತ್ತದೆ, ಆಗಾಗ ನೀರು ಹೊಯ್ಯಿರಿ. ಡಬ್ಬಿಯ ಮೇಲೆ ಧೂಳು ಬೀಳದಿರಲೆಂದು ಹೊದಿಸುವ ಕಸೂತಿ ಬಟ್ಟೆಯನ್ನು ಚಾಲೂ ಇರುವಾಗ ತೆಗೆದಿಡಿ, ಗಾಳಿಯ ತೂತು ಮುಚ್ಚಿದರೆ ಒಳಗಿನ ಬಿಸಿ ಹೊರಹೋಗದು. ಪ್ಲಗ್ ಕಿತ್ತಿದ್ದರೂ ಡಬ್ಬಿ ಬಿಚ್ಚಬೇಡಿ, ದೊಡ್ಡ ಕೆಪಾಸಿಟರ್‌ಗಳು ಸ್ವಲ್ಪ ಹೊತ್ತು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ.

ಪ್ರಶ್ನೆ: ಶಹಾಬಾದಿನ ಕಲ್ಲು ಪಾಲಿಶ್ ಘಟಕದಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮನೆಗೆ ಬಂದ ಮೇಲೆ ದಣಿವಾರಿಸಿಕೊಳ್ಳಲು ಇಯರ್‌ಫೋನ್‌ನಲ್ಲಿ ಎರಡು ಗಂಟೆ ಹಾಡು ಕೇಳುತ್ತೇನೆ. ರಾತ್ರಿ ಮಲಗಿದಾಗ ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಸದ್ದು. ಇಯರ್‌ಫೋನ್‌ನಿಂದ ಆದದ್ದೇ?

ಉತ್ತರ: ಮುಖ್ಯ ಕಾರಣ ಯಂತ್ರವಿರಬೇಕು. ಆದರೆ ಕಿವಿ ಎರಡು ಖಾತೆ ಇಡುವುದಿಲ್ಲ, ಹಗಲಿನ ಸದ್ದು ಮತ್ತು ರಾತ್ರಿಯ ಹಾಡು ಒಂದೇ ಲೆಕ್ಕಕ್ಕೆ ಜಮೆಯಾಗುತ್ತವೆ. ಕಲ್ಲು ಕೊಯ್ಯುವ ಯಂತ್ರದ ಬಳಿ 95 ಡೆಸಿಬೆಲ್ ದಾಟುವುದು ಸಾಮಾನ್ಯ, ಆ ಮಟ್ಟದಲ್ಲಿ ಬರಿಗಿವಿಗೆ ದಿನಕ್ಕೆ ಮುಕ್ಕಾಲು ಗಂಟೆಯೂ ಹೆಚ್ಚೇ. ಅಂದರೆ ನೀವು ಮನೆಗೆ ಬರುವ ಹೊತ್ತಿಗೆ ದಿನದ ಪಾಲು ಮುಗಿದು ಸಾಲ ಶುರುವಾಗಿರುತ್ತದೆ. ಇನ್ನೊಂದು ತೊಂದರೆಯೆಂದರೆ, ಹಗಲಿನ ಸದ್ದಿಗೆ ಮಂಕಾದ ಕಿವಿಗೆ ಸಂಜೆ ಹಾಡು ಸಣ್ಣದಾಗಿ ಕೇಳಿಸುವುದರಿಂದ, ನಿಮಗೆ ಅರಿವಿಲ್ಲದೆಯೇ ವಾಲ್ಯೂಮ್ ಏರಿಸಿರುತ್ತೀರಿ.

ಹತ್ತಿ ಉಂಡೆ ತುರುಕಿಕೊಂಡರೆ ಹೆಚ್ಚೇನೂ ತಡೆಯುವುದಿಲ್ಲ. ಫೋಮ್ ಇಯರ್‌ಪ್ಲಗ್ ತಂದು, ತೊಳೆದ ಕೈಯಲ್ಲಿ ಬತ್ತಿಯಂತೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಡಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ. ನಿಮ್ಮದೇ ದನಿ ಖಾಲಿ ಕೊಡದೊಳಗಿಂದ ಬಂದಂತೆ ಕೇಳಿದರೆ ಸರಿಯಾಗಿ ಕೂತಿದೆ ಎಂದರ್ಥ. ಸಂಜೆಯ ಹಾಡನ್ನು ಬಿಡಬೇಡಿ, ಸಣ್ಣ ಸ್ಪೀಕರಿನಲ್ಲಿ ಪಕ್ಕದವರೊಂದಿಗೆ ಮಾತಾಡಬಹುದಾದಷ್ಟು ಸದ್ದಿಗೆ ಕೇಳಿ. ಶ್ರವಣ ಪರೀಕ್ಷೆಯನ್ನು ರಜೆಯ ಮರುದಿನ ಬೆಳಗ್ಗೆ, ಕೆಲಸಕ್ಕೆ ಹೋಗುವ ಮುನ್ನ ಮಾಡಿಸಿ. ಕಿವಿಗೆ ಕನಿಷ್ಠ 14 ಗಂಟೆ ವಿಶ್ರಾಂತಿ ಸಿಕ್ಕಿರದಿದ್ದರೆ ತಾತ್ಕಾಲಿಕ ಮಂಕು ಯಾವುದು, ಶಾಶ್ವತ ಹಾನಿ ಯಾವುದು ಎಂದು ಬೇರ್ಪಡಿಸಲಾಗದು. ಯಂತ್ರದ ಸದ್ದಿನಿಂದ ಆದ ಹಾನಿ ಆಡಿಯೋಗ್ರಾಮಿನಲ್ಲಿ (ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ) 4000 ಹರ್ಟ್ಸ್ ಆಸುಪಾಸಿನಲ್ಲಿ ಹಳ್ಳದಂತೆ ಕಾಣುತ್ತದೆ, ಮತ್ತು ಅದು ವರ್ಷವರ್ಷಕ್ಕೂ ಆಳವಾಗುತ್ತಿದೆಯೇ ಎಂಬುದನ್ನು ನೋಡಬೇಕು.

ಪ್ರಶ್ನೆ: ಬೀದರಿನಿಂದ ಬರೆಯುತ್ತಿದ್ದೇನೆ. ಹದಿನಾಲ್ಕರ ಮಗ ಸದಾ ಇಯರ್‌ಬಡ್ ಹಾಕಿಕೊಂಡೇ ಇರುತ್ತಾನೆ, ಮಲಗುವಾಗಲೂ. ಎಷ್ಟು ವಾಲ್ಯೂಮ್ ಸುರಕ್ಷಿತ?

ಉತ್ತರ: ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 75 ಡೆಸಿಬೆಲ್, ವಾರಕ್ಕೆ 40 ಗಂಟೆ. ಫೋನಿನ ಪರದೆಯ ಗೆರೆಗೂ ಡೆಸಿಬೆಲ್‌ಗೂ ನೇರ ಸಂಬಂಧವಿಲ್ಲದಿದ್ದರೂ, 60 ಶೇಕಡಕ್ಕಿಂತ ಕೆಳಗಿಡುವುದು ಒಳ್ಳೆಯ ರೂಢಿ. ಹೆಚ್ಚಿನ ಫೋನ್‌ಗಳಲ್ಲಿ ಗರಿಷ್ಠ ವಾಲ್ಯೂಮನ್ನು ಸೆಟ್ಟಿಂಗ್ಸ್‌ನಲ್ಲೇ ಕಟ್ಟಿಹಾಕಬಹುದು. ಬಸ್ಸಿನಲ್ಲಿ ಹೋಗುವಾಗ ಏನಾಗುತ್ತದೆ ಎಂಬುದನ್ನು ಗಮನಿಸಿ, ಎಂಜಿನ್ ಸದ್ದನ್ನು ಮುಳುಗಿಸಲು ಮಕ್ಕಳು ವಾಲ್ಯೂಮ್ ಏರಿಸುವುದು ಅಲ್ಲೇ. ಹೊರಗಿನ ಸದ್ದನ್ನು ತಡೆಯುವ ಹೆಡ್‌ಫೋನ್ ಕೊಡಿಸಿದರೆ ಆ ಅಗತ್ಯ ತಗ್ಗುತ್ತದೆ, ಆದರೆ ಅದನ್ನು ಹಾಕಿಕೊಂಡು ರಸ್ತೆ ದಾಟುವುದಾಗಲಿ ಸೈಕಲ್ ಹೊಡೆಯುವುದಾಗಲಿ ಕೂಡದು. ಮಲಗುವಾಗ ಮಾತ್ರ ಕಡ್ಡಾಯವಾಗಿ ತೆಗೆಸಿ, ನಿದ್ದೆಯ ಗಂಟೆಗಳು ಕಿವಿಗೆ ಸಿಗುವ ರಜೆ. ಗದರಿಸಿ ಕಿತ್ತುಕೊಂಡರೆ ಆ ವಯಸ್ಸಿನವರು ಕದ್ದು ಕೇಳುತ್ತಾರೆ, ಲೆಕ್ಕ ತೋರಿಸಿದರೆ ಕೇಳುವವರು ಹೆಚ್ಚು. ಇದು ನನ್ನ ಅನುಭವ.

ಪ್ರಶ್ನೆ: ಆಳಂದದಲ್ಲಿರುವ ಎಪ್ಪತ್ತೆರಡರ ತಂದೆಯವರು ಬೀದಿಗೆಲ್ಲ ಕೇಳುವಂತೆ ಟಿವಿ ಇಡುತ್ತಾರೆ. ಮನೆಯಲ್ಲಿ ದಿನವೂ ಜಗಳ. ಕಿವಿಗೆ ಬಿಸಿ ಎಣ್ಣೆ ಹಾಕುತ್ತಿದ್ದಾರೆ.

ಉತ್ತರ: ಎಣ್ಣೆ ನಿಲ್ಲಿಸಿ. ಕಿವಿಯ ತಮಟೆಯಲ್ಲಿ ತೂತಿದ್ದರೆ ಅದು ನಡುಗಿವಿಗೆ ಇಳಿದು ಸೋಂಕು ತರುತ್ತದೆ. ಮೊದಲು ಕಿವಿ, ಮೂಗು, ಗಂಟಲು ತಜ್ಞರಿಂದ ಗುಗ್ಗೆ ಕಟ್ಟಿದೆಯೇ ಎಂದು ನೋಡಿಸಿ. ಅದನ್ನು ತೆಗೆದ ಮಾತ್ರಕ್ಕೇ ಟಿವಿಯ ಸದ್ದು ಅರ್ಧಕ್ಕಿಳಿದ ಮನೆಗಳಿವೆ. ಆಮೇಲೆ ಆಡಿಯೋಗ್ರಾಮ್ ಮಾಡಿಸಿ, ವಯೋಸಹಜ ಮಂದತೆ ಎಂದಾದರೆ ಶ್ರವಣ ಸಾಧನ ಬೇಕಾಗುತ್ತದೆ. ಅಲ್ಲಿಯವರೆಗೆ ಅವರ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಸರಿಸಿ, ಇಲ್ಲವೇ ಚಿಕ್ಕ ಸ್ಪೀಕರೊಂದನ್ನು ಅವರ ಪಕ್ಕದ ಸ್ಟೂಲಿನ ಮೇಲಿಡಿ. ನಾಲ್ಕು ಮೀಟರ್ ದೂರದ ಟಿವಿಗಿಂತ ಒಂದು ಮೀಟರ್ ದೂರದ ಸ್ಪೀಕರ್ ಕಡಿಮೆ ವಾಲ್ಯೂಮಿನಲ್ಲೇ ಸ್ಪಷ್ಟವಾಗಿ ಕೇಳಿಸುತ್ತದೆ, ಬೀದಿಗೂ ನೆಮ್ಮದಿ. ಒಂದು ವೇಳೆ ಅವರಿಗೆ ಒಂದೇ ಕಿವಿ ಹಠಾತ್ತನೆ, ಒಂದೆರಡು ದಿನಗಳೊಳಗೆ ಕೇಳದಂತಾದದ್ದಾದರೆ ಅದು ವಯಸ್ಸಿನದಲ್ಲ. ಆಗ ನಾಳೆ ನಾಡಿದ್ದು ಎನ್ನದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಅದಕ್ಕೆ ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಕೇಳುವ ಶಕ್ತಿ ಮರಳುವ ಸಾಧ್ಯತೆ ಹೆಚ್ಚು.