ಸಿಗ್ನಲ್‌ನಲ್ಲಿ ನಿಂತರೆ ಮುಳ್ಳು ಮೇಲೆ!

ಪ್ರಶ್ನೆ: ನನ್ನದು 2003ರ ಪೆಟ್ರೋಲ್ ಕಾರು. ತುಮಕೂರು ರಸ್ತೆಯಲ್ಲಿ 80ರ ಸ್ಪೀಡಲ್ಲಿ ಹೋದರೂ ತೊಂದರೆಯಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ 10 ನಿಮಿಷ ನಿಂತರೆ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತದೆ. ಥರ್ಮೋಸ್ಟಾಟ್, ವಾಟರ್ ಪಂಪ್ ಎರಡೂ ಬದಲಾಯಿಸಿದ್ದಾಯಿತು. ಇನ್ನೇನು ಮಾಡಲಿ?
– ಓದುಗರು, ಬಸವನಗುಡಿ

ಉತ್ತರ: ಉತ್ತರ ನಿಮ್ಮ ಪತ್ರದಲ್ಲೇ ಇದೆಯಲ್ಲ ಸ್ವಾಮಿ! ಓಡುವಾಗ ಗಾಳಿ ತಾನಾಗಿ ರೇಡಿಯೇಟರ್‌ಗೆ (ಇಂಜಿನ್ನಿನ ಬಿಸಿ ನೀರನ್ನು ತಣಿಸುವ ಜಾಲರಿ) ಬಡಿಯುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಬೆಳಿಗ್ಗೆ ಮನೆ ಮುಂದೆಯೇ ಇಂಜಿನ್ ಆನ್ ಮಾಡಿ, ಬಾನೆಟ್ ಎತ್ತಿ, ಕಾಫಿ ಹಿಡಿದು ಕಾಯಿರಿ. ಮುಳ್ಳು ಅರ್ಧ ದಾಟಿ ಏರುತ್ತಿದ್ದರೂ ಫ್ಯಾನ್ ತಿರುಗಲಿಲ್ಲವಾ? ತಕ್ಷಣ ಆಫ್ ಮಾಡಿ. ಆರಿದ ಮೇಲೆ ಎಲೆಕ್ಟ್ರಿಷಿಯನ್ ಹತ್ತಿರ ಬ್ಯಾಟರಿಯಿಂದ ಫ್ಯಾನ್ ಮೋಟರಿಗೆ ನೇರ ವೈರ್ ಕೊಡಿಸಿ. ತಿರುಗಿದರೆ ಮೋಟರ್ ಸರಿಯಿದೆ. ಆಗ ಫ್ಯೂಸ್, ಫ್ಯಾನಿಗೆ ಕರೆಂಟ್ ಬಿಡುವ ರಿಲೇ, ಬಿಸಿ ಏರಿದಾಗ ಫ್ಯಾನ್ ಆನ್ ಮಾಡಿಸುವ ಥರ್ಮೋ ಸ್ವಿಚ್ ನೋಡಬೇಕು. ನನ್ನ ಹಳೇ ಕಾರಿನಲ್ಲಿ ಸ್ವಿಚ್ಚಿನ ಕನೆಕ್ಟರ್ ಒಳಗೆ ಹಸಿರು ಕಿಲುಬು ಕೂತಿತ್ತು. ಉಪ್ಪು ಕಾಗದದಲ್ಲಿ ಉಜ್ಜಿದೆ, ಅಷ್ಟೇ. ಅಷ್ಟರಲ್ಲಿ ಹೊಸ ರೇಡಿಯೇಟರ್‌ಗೆ ಸುಮ್ನೆ ದುಡ್ಡು ಸುರಿದಿದ್ದೆ!

ಫ್ಯಾನ್ ಚೆನ್ನಾಗಿ ತಿರುಗುತ್ತಿದ್ದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು. ಬೋರ್‌ವೆಲ್ ನೀರು ಹಾಕುತ್ತಿದ್ದೀರಾ? ನೀರು ಕಾಯಿಸುವ ಕಾಯಿಲ್ ಮೇಲೆ ಕೂರುವ ಬಿಳಿ ಪದರ ಅಲ್ಲೂ ಕೂರುತ್ತದೆ. ಕ್ಲೀನ್ ಮಾಡಿಸಿ, ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಹಾಕಿ. ಬಿಸಿಯಿದ್ದಾಗ ಮಾತ್ರ ಮುಚ್ಚಳ ಮುಟ್ಟಬೇಡಿ.