ದಾಸವಾಳದ ಸಾರ ಹಾಕಿದಾಗ ನೈಟ್ರೈಟ್ ಇಳಿಯಿತು, ಮುಂದೆ ಎಲೈಸಾನೋ ವೆಸ್ಟರ್ನ್ ಬ್ಲಾಟೋ?

ಸದ್ಯಕ್ಕೆ ಪ್ರೋಟೀನ್ ಅಳೆಯುವ ಈ ಎರಡೂ ಪರೀಕ್ಷೆ ಬೇಡ. ಉರಿಯೂತ ತಗ್ಗುತ್ತದೆಯೇ ಎಂದು ನೋಡಲು ರಾ 264.7 ಎಂಬ ಇಲಿಯ ಮ್ಯಾಕ್ರೋಫೇಜ್‌ಗಳಿಗೆ (ರೋಗನಿರೋಧಕ ಕೋಶ) ಉರಿಯೂತ ಎಬ್ಬಿಸುವ ಬ್ಯಾಕ್ಟೀರಿಯಾದ ಎಲ್‌ಪಿಎಸ್ ಜೊತೆ ಕೆಂಪು ದಾಸವಾಳದ ಸಾರ ಕೊಟ್ಟು, ಮಿಲೀಗೆ 500 ಮೈಕ್ರೋಗ್ರಾಂನಲ್ಲಿ ನೈಟ್ರೈಟ್ ಅಳೆಯುವ ಗ್ರೀಸ್ ಪರೀಕ್ಷೆಯ ಬಣ್ಣ ಹೆಚ್ಚುಕಡಿಮೆ ಮಾಯವಾಯಿತು ಅಂದಿದ್ದೀರಿ. ಇದೇ ಫಲಿತಾಂಶ ನಂಬಿ ನಾವೂ ದುಬಾರಿ ಕಿಟ್‌ಗಳನ್ನು ಖಾಲಿ ಮಾಡಿದ್ದೇವೆ.

ಗ್ರೀಸ್ ಪರೀಕ್ಷೆಗೆ ಕೋಶದ ಗೊಡವೆಯೇ ಇಲ್ಲ, ಅದಕ್ಕೆ ಕಾಣುವುದು, ಕೋಶ ಬಿಟ್ಟ ನೈಟ್ರಿಕ್ ಆಕ್ಸೈಡ್‌ನಿಂದ ಆಗುವ ನೈಟ್ರೈಟ್ ಮಾತ್ರ. 5% ಫಾಸ್ಫಾರಿಕ್ ಆಮ್ಲದಲ್ಲಿ ನೈಟ್ರೈಟ್ 1% ಸಲ್ಫಾನಿಲಮೈಡ್ ಜೊತೆ ಡಯಾಜೋನಿಯಂ ಎಂಬ ಸಂಯುಕ್ತ ಆಗಬೇಕು, ಅದು 0.1% ಎನ್‌ಇಡಿ ಎಂಬ ರಾಸಾಯನಿಕದ ಜೊತೆ ಸೇರಿ ಗುಲಾಬಿ ಬಣ್ಣ ಕೊಡಬೇಕು. ದಾಸವಾಳದ ಪಾಲಿಫೀನಾಲ್‌ಗಳು (ಸಸ್ಯದ ಆಂಟಿಆಕ್ಸಿಡೆಂಟ್‌ಗಳು) ಆ ಆಮ್ಲದಲ್ಲೇ ನೈಟ್ರೈಟನ್ನು ಕಬಳಿಸಬಲ್ಲವು. ಕೋಶ ಎಷ್ಟೇ ನೈಟ್ರಿಕ್ ಆಕ್ಸೈಡ್ ಮಾಡಿರಲಿ, ರೀಡಿಂಗ್ ಬೀಳುತ್ತದೆ. ಇನ್ನೊಂದು ಕಡೆ, ಮೀಡಿಯಂನಲ್ಲಿ (ಕೋಶ ಬೆಳೆಸುವ ದ್ರವ) ಮಂಕಾಗಿದ್ದ ಹೂವಿನ ಬಣ್ಣ ಆಂಥೋಸಯಾನಿನ್ ಆಮ್ಲ ಬಿದ್ದೊಡನೆ ಮತ್ತೆ ಕೆಂಪಾಗಿ 540 ನ್ಯಾನೋಮೀಟರ್‌ನಲ್ಲಿ ರೀಡಿಂಗ್ ಏರಿಸುತ್ತದೆ. ಸಾರ ಮತ್ತು ಬರೀ ಆಮ್ಲ ಇರುವ ಬ್ಲ್ಯಾಂಕ್ ಕಳೆದರೆ ಈ ಬಣ್ಣದ ತೊಂದರೆ ಹೋಗುತ್ತದೆ. ಕಬಳಿಸಿದ ನೈಟ್ರೈಟ್ ಮಾತ್ರ ವಾಪಸ್ ಬರುವುದಿಲ್ಲ.

ಹಾಗಾಗಿ ಕೋಶವೇ ಇಲ್ಲದ ಪ್ಲೇಟ್ ಇಡಿ. ಫೀನಾಲ್ ರೆಡ್ ಬಣ್ಣ ಇಲ್ಲದ ಮೀಡಿಯಂಗೆ ಸಾರದ ಪ್ರತಿ ಡೋಸ್ ಹಾಕಿ 37 ಡಿಗ್ರಿಯಲ್ಲಿ 24 ಗಂಟೆ ಬಿಡಿ. ಆಮೇಲೆ 25 ಮೈಕ್ರೋಮೋಲಾರ್ ಸೋಡಿಯಂ ನೈಟ್ರೈಟ್ ಸೇರಿಸಿ ಗ್ರೀಸ್ ಮಾಡಿ. 25ರ ಬದಲು 12 ಬಂದರೆ, ಆ ಡೋಸ್‌ನಲ್ಲಿ ನೀವು ಕಂಡ ಇಳಿಕೆಯನ್ನು ಕೋಶದ ಲೆಕ್ಕಕ್ಕೆ ಬರೆಯುವ ಹಾಗಿಲ್ಲ.

ಕೋಶ ಬದುಕಿದೆಯೇ ಎಂದು ನೋಡುವ ಎಂಟಿಟಿ ಪರೀಕ್ಷೆ ಚೆನ್ನಾಗಿ ಬಂತು, ಕೋಶ ಸತ್ತಿಲ್ಲ ಅಂತ ಸಮಾಧಾನಪಡಬೇಡಿ. ಪಾಲಿಫೀನಾಲ್ ಒಂದೇ ಸಾಕು ಎಂಟಿಟಿಯನ್ನು ನೇರಳೆ ಮಾಡಲು! ಎಂಟಿಟಿ ಹಾಕುವ ಮೊದಲು ಪಿಬಿಎಸ್ ಉಪ್ಪುದ್ರಾವಣದಲ್ಲಿ ಕೋಶ ತೊಳೆಯಿರಿ, ಸೂಕ್ಷ್ಮದರ್ಶಕದಲ್ಲೂ ನೋಡಿ. ಎಲ್‌ಪಿಎಸ್ ತಗುಲಿದ ಕೋಶ ಕೈಕಾಲು ಚಾಚಿ ಹರಡಿಕೊಂಡಿರುತ್ತದೆ, ಸುಮ್ಮನಿದ್ದದ್ದು ದುಂಡಗಿರುತ್ತದೆ. ದುಂಡಗಿದ್ದು ತಳ ಬಿಟ್ಟು ತೇಲುತ್ತಿದ್ದರೆ ಅನುಮಾನಪಡಿ.

ಸಾರವನ್ನು 70% ಎಥನಾಲ್‌ನಲ್ಲೇ ತೆಗೆಯಿರಿ. ಬರೀ ನೀರಿನಲ್ಲಿ ಲೋಳೆ ಇಳಿದು 0.22 ಮೈಕ್ರಾನ್ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಪ್ಲೇಟಿನ ಬಾವಿಯಲ್ಲಿ (ಗುಳಿಯಲ್ಲಿ) ಸಾರ ಕರಗಿಸುವ ಡಿಎಂಎಸ್‌ಒ 0.1% ದಾಟದಿರಲಿ, ಹೋಲಿಕೆಗೆ ಉರಿಯೂತ ತಗ್ಗಿಸುವ ಔಷಧ ಡೆಕ್ಸಾಮೆಥಾಸೋನ್ 1 ಮೈಕ್ರೋಮೋಲಾರ್ ಇರಲಿ. ಎಲ್‌ಪಿಎಸ್ ಇಲ್ಲದೆ ಸಾರ ಮಾತ್ರ ಹಾಕಿದ ಬಾವಿಯಲ್ಲೂ ಉರಿಯೂತ ಸೂಚಿಸುವ ಪ್ರೋಟೀನ್ ಟಿಎನ್‌ಎಫ್ ಏರಿದರೆ, ಹೂವಿನ ಜೊತೆ ಬಂದ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಎಲ್‌ಪಿಎಸ್) ಮೇಲೆ ಮೊದಲು ಸಂಶಯಪಡಿ.

ಇಷ್ಟು ಪಾಸಾದರೆ ಎಲೈಸಾ ಮಾಡಿ: 6 ಗಂಟೆಗೆ ಟಿಎನ್‌ಎಫ್ ಆಲ್ಫಾ, 24 ಗಂಟೆಗೆ ಐಎಲ್-6 ಎಂಬ ಇನ್ನೊಂದು ಉರಿಯೂತದ ಪ್ರೋಟೀನ್. 500ರ ಡೋಸ್ ಬಿಟ್ಟುಬಿಡಿ, ರಕ್ತದಲ್ಲಿ ಅಷ್ಟು ಮಟ್ಟ ಮುಟ್ಟುವ ಮಾತೇ ಇಲ್ಲ. 100ರೊಳಗೆ ಏನೂ ಕಾಣದಿದ್ದರೆ ಬೇರೆ ಹೂವು ನೋಡಿ.